ಬಿಡುವ ಅಂಟು

ನಾನು ಇಂಗ್ಲೆಂಡಿನ ಲೀಡ್ಸ್‌ಗೆ ಬಂದದ್ದು ಅಂಟಿನ ಬಗ್ಗೆ ಓದಲಿಕ್ಕೆ. "ಗೋಂದಿಗೂ ಪಿಎಚ್‌ಡಿ ಇದೆಯೇನೇ?" ಎಂದು ನನ್ನ ಚಿಕ್ಕಪ್ಪ ಮದುವೆ ಮನೆಯ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೇಳಿದ್ದ. ಇದೆ. ನೀರಿನಲ್ಲಿ ನೆನೆದರೂ ಕೀಳಲಾಗದ ಅಂಟನ್ನು ಮಾಡುವುದು ನಮ್ಮ ಪ್ರೊಫೆಸರರ ಗುರಿ. ಮೊದಲ ವರ್ಷವೆಲ್ಲ ನಾನು ಹೆಡಿಂಗ್ಲಿಯ ಬಾಡಿಗೆ ಕೋಣೆಯಿಂದ ಬಸ್ಸು ಹಿಡಿದು ಲ್ಯಾಬಿಗೆ ಹೋಗಿ ಗಾಜಿಗೆ ಗಾಜು ಅಂಟಿಸುವುದು, ಅದನ್ನು ಯಂತ್ರಕ್ಕೆ ಕೊಟ್ಟು ಎಳೆಸುವುದು, ಇಷ್ಟೇ ಮಾಡಿದೆ. ಬಿಡದಿದ್ದರೆ ಖುಷಿಪಡುತ್ತಿದ್ದೆ.

ಆ ಖುಷಿಯನ್ನು ಹಾಳುಮಾಡಿದವರು ಡಿಡ್ಸ್‌ಬರಿಯ ಅಕ್ಕ. ಸ್ವಂತ ಅಕ್ಕನಲ್ಲ, ಉಡುಪಿ ಕಡೆಯವರು. ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದರಲ್ಲಿ ಅವಧಿಗೆ ಮೊದಲೇ ಹುಟ್ಟಿದ ಶಿಶುಗಳ ಡಾಕ್ಟರು. ದೀಪಾವಳಿ ಊಟಕ್ಕೆ ನಮ್ಮಂಥ ಒಂಟಿ ವಿದ್ಯಾರ್ಥಿಗಳನ್ನೆಲ್ಲ ಮನೆಗೆ ಕರೆದಿದ್ದರು. ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ ನನ್ನ ಅಂಟಿನ ಗಟ್ಟಿತನ ಹೊಗಳಿಕೊಳ್ಳುತ್ತಿದ್ದೆ.

"ಎಷ್ಟು ಗಟ್ಟಿ ಹಿಡೀತದೆ ಅಂತ ಹೇಳಬೇಡ ಮಾರಾಯ್ತಿ," ಎಂದರು. "ಬಿಡ್ತದಾ, ಅದು ಹೇಳು."

ಪಾಯಸಕ್ಕೆಂದು ಕಾಯಿಸಿ ಆರಿಸಿಟ್ಟ ಹಾಲು ಒಲೆಯ ಪಕ್ಕದಲ್ಲಿತ್ತು. ಅಕ್ಕ ಡ್ರಾಯರಿನಿಂದ ಸೆಲೋಟೇಪು ತೆಗೆದು ಒಂದು ತುಂಡು ಕತ್ತರಿಸಿ ಹಾಲಿನ ಕೆನೆಯ ಮೇಲಿಟ್ಟು ಮೆಲ್ಲಗೆ ಎತ್ತಿದರು. ಕೆನೆ ಅದರ ಜೊತೆಗೇ ಎದ್ದು ಬಂತು.

"ನನ್ನ ವಾರ್ಡಿನ ಮಕ್ಕಳ ಚರ್ಮ ಹೀಗೇ ಉಂಟು. ಮೂಗಿಗೆ ಹಾಲಿನ ನಳಿಕೆ ಹಾಕಿ ಕೆನ್ನೆಗೆ ಟೇಪು ಹಚ್ತೇವೆ. ಟೇಪು ಬದಲಿಸುವಾಗ ಚರ್ಮವೂ ಬರ್ತದೆ. ಆ ಮಗುವಿಗೆ ಜೋರಾಗಿ ಅಳಲಿಕ್ಕೂ ಶಕ್ತಿ ಇಲ್ಲ."

"ಮೆತ್ತಗಿನ ಟೇಪು ಸಿಗಲ್ವಾ ಅಕ್ಕ?"

"ಸಿಗ್ತದೆ. ಇನ್‌ಕ್ಯುಬೇಟರಿನ ಒಳಗೆ ಹಬೆ ಅಲ್ವಾ, ಜಾರಿ ಬೀಳ್ತದೆ."

ಅವತ್ತು ಪಾಯಸ ನನಗೆ ರುಚಿಸಲಿಲ್ಲ.

ಸೋಮವಾರ ಪ್ರೊಫೆಸರರಿಗೆ ಎಲ್ಲ ಹೇಳಿದೆ. ಅವರು ಗಮನವಿಟ್ಟು ಕೇಳಿದರು. "ಒಳ್ಳೆಯ ಪ್ರಶ್ನೆ," ಎಂದರು. "ಆದರೆ ನಿನ್ನ ಪ್ರಶ್ನೆಯಲ್ಲ. ನಿನ್ನ ಥೀಸಿಸ್ ಬೇರೆ ಇದೆ."

"ಹಾಗಾದರೆ ಶನಿವಾರಗಳು ನನ್ನವು," ಎಂದೆ. ಇಷ್ಟು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ.

ಶನಿವಾರಗಳು ಶುರುವಾದವು. ಮೊಟ್ಟೆಯ ಸಿಪ್ಪೆಯ ಒಳಗಿನ ತೆಳು ಪೊರೆಯೇ ನನ್ನ ಪಾಲಿನ ಮಗುವಿನ ಚರ್ಮ. ಗಟ್ಟಿ ಹಿಡಿದ ಅಂಟು ಪೊರೆಯನ್ನು ಹರಿಯಿತು, ಹರಿಯದ ಅಂಟು ಹಬೆಯಲ್ಲಿ ಜಾರಿತು. ರಜೆ ಸಿಕ್ಕಾಗ ಅಕ್ಕ ರೈಲು ಹತ್ತಿ ಬಂದು ತಮ್ಮ ಮುಂಗೈಗೆ ಹಚ್ಚಿಸಿಕೊಂಡು ಕೂರುತ್ತಿದ್ದರು. ನೀರಿಗೆ ಜಗ್ಗದೆ ಎಣ್ಣೆಗೆ ಸೋಲುವ ಅಂಟು ಮಾಡಬಹುದು ಎಂಬಲ್ಲಿಗೆ ನಾವು ಬಂದದ್ದು ಹೇಗೆ ಎಂದು ಈಗ ಎಲ್ಲರೂ ಕೇಳುತ್ತಾರೆ. ಉಪ್ಪಿನಕಾಯಿ ಬಾಟಲಿಯ ಲೇಬಲ್ಲನ್ನು ನಮ್ಮಮ್ಮ ಎಣ್ಣೆ ಸವರಿ ತೆಗೆಯುತ್ತಿದ್ದದ್ದು ಅದರಲ್ಲಿತ್ತು. ವಾರ್ಡಿನಲ್ಲಿ ನರ್ಸುಗಳೂ ಹಾಗೇ ಮಾಡಿ ನೋಡುತ್ತಾರೆ, ಆದರೆ ಟೇಪು ಪೂರ್ತಿ ಬಿಡುವುದಿಲ್ಲವೆಂದು ಅಕ್ಕ ಹೇಳಿದ್ದಿತ್ತು. ಮುಂಚೆ ಎಣ್ಣೆ ತಾಗಿ ಕೆಟ್ಟಿತೆಂದು ನಾನೇ ಬಿಸಾಡಿದ್ದ ಒಂದು ಮಿಶ್ರಣವಿತ್ತು. ಯಾರಿಗೋ ಒಂದು ದಿನ ಥಟ್ಟನೆ ಹೊಳೆಯಿತು ಎಂದು ನಾನು ಬರೆಯುವುದಿಲ್ಲ, ಹೊಳೆಯಲೇ ಇಲ್ಲ.

ಅಂಟು ಸಿಕ್ಕಿತು, ಆದರೂ ಟೇಪು ಆಗಲಿಲ್ಲ. ಮೇಲೆ ಹಾಕಿದ ಎಣ್ಣೆ ಪ್ಲಾಸ್ಟಿಕ್ಕಿನ ಮೇಲೇ ನಿಲ್ಲುತ್ತಿತ್ತು. ಅಂಚು ಎತ್ತಿದರಷ್ಟೇ ಒಳಗೆ ಇಳಿಯುವುದು, ಅಂಚು ಎತ್ತಿದರೆ ಚರ್ಮ ಕೀಳುವುದು. ಈ ಗೋಳನ್ನು ನಾನು ಕ್ಯಾಂಟೀನಿನಲ್ಲಿ ನೇಯ್ಗೆ ವಿಭಾಗದ ಗೆಳತಿಯ ಮುಂದೆ ತೋಡಿಕೊಂಡೆ. ಅವಳು ಪಕ್ಕದ ಬ್ರಾಡ್‌ಫರ್ಡಿನಲ್ಲೇ ಹುಟ್ಟಿ ಬೆಳೆದವಳು. ಅವಳ ತಾತ ಪಾಕಿಸ್ತಾನದಿಂದ ಅಲ್ಲಿನ ಉಣ್ಣೆ ಗಿರಣಿಗೆಂದು ಬಂದವರು. ಅವಳು ಚಿಪ್ಸ್ ತಿನ್ನುತ್ತ ಟೇಪನ್ನು ಬೆಳಕಿಗೆ ಹಿಡಿದು ನೋಡಿ, "ಪ್ಲಾಸ್ಟಿಕ್ ಯಾಕೆ? ಬಟ್ಟೆ ಅನ್ನೋ ವಸ್ತು ಇದೆ ಗೊತ್ತಾ?" ಎಂದಳು. ಮಾರನೇ ವಾರ ಜಾಳುಜಾಳಾದ ಒಂದು ಪಟ್ಟಿ ನೇಯ್ದು ತಂದಳು. ಮೇಲೆ ಒಂದು ಹನಿ ಎಣ್ಣೆ ಬಿಟ್ಟೆವು. ಪಟ್ಟಿ ತಾನಾಗಿ ಸಡಿಲವಾಯಿತು, ಮೊಟ್ಟೆಯ ಪೊರೆ ಹಾಗೇ ಉಳಿಯಿತು. ಇಬ್ಬರೂ ಕಿರುಚಿದ್ದಕ್ಕೆ ಪಕ್ಕದ ಲ್ಯಾಬಿನವರು ಬೆಂಕಿ ಬಿತ್ತೆಂದು ಓಡಿಬಂದರು.

ಆಮೇಲೆ ಬಂತು ವ್ಯಾಪಾರ. ಬರ್ಮಿಂಗ್‌ಹ್ಯಾಮಿನಲ್ಲಿ ವಿದ್ಯಾರ್ಥಿಗಳ ಉದ್ಯಮ ಸ್ಪರ್ಧೆಯೊಂದಿತ್ತು. ಗೆದ್ದರೆ ಟೇಪು ತಯಾರಿಸಲು ನೆರವು ಸಿಗುತ್ತಿತ್ತು. ವೇದಿಕೆ ಹತ್ತುವ ಮುಂಚೆ ನಮ್ಮನ್ನು ತಿದ್ದಲು ಒಬ್ಬ ತರಬೇತುದಾರನನ್ನು ಇಟ್ಟಿದ್ದರು.

"ಐಡಿಯಾ ಬಂದ ಆ ಕ್ಷಣದಿಂದ ಶುರು ಮಾಡು," ಎಂದ.

"ಅಂಥ ಕ್ಷಣ ಇಲ್ಲ."

"ಅಜ್ಜಿ ಇದ್ದಾರಾ? ಹಳ್ಳಿಯಲ್ಲಿ ಅಜ್ಜಿ ನಿನಗೆ ಎಣ್ಣೆ ಹಚ್ಚುತ್ತಿದ್ದರು ಅನ್ನು. ಜನಕ್ಕೆ ಇಷ್ಟವಾಗುತ್ತೆ."

"ನನ್ನ ಅಜ್ಜಿ ದಾವಣಗೆರೆಯಲ್ಲಿ ಬ್ಯಾಂಕ್ ಕ್ಯಾಷಿಯರ್ ಆಗಿದ್ದಳು. ಎಣ್ಣೆ ಹಚ್ಚಲು ಅವಳಿಗೆ ಪುರುಸೊತ್ತೇ ಇರಲಿಲ್ಲ."

ನಮ್ಮ ಸರದಿ ಬಂತು. ವೇದಿಕೆಯ ಮೇಲೆ ಒಬ್ಬರೇ ಮಾತಾಡಬೇಕೆಂಬ ನಿಯಮವಿತ್ತು, ನಾನು ಗೆಳತಿಯ ಕೈ ಹಿಡಿದು ಮೇಲೆ ಎಳೆದುಕೊಂಡೆ. ಅಂಟು ನನ್ನದು, ಬಟ್ಟೆ ಇವಳದು, ಪ್ರಶ್ನೆ ಒಬ್ಬ ಡಾಕ್ಟರದು ಎಂದೆ. ಕೆಟ್ಟ ಟೇಪುಗಳನ್ನೂ ತೋರಿಸಿದೆವು. ತೀರ್ಪುಗಾರರಲ್ಲೊಬ್ಬರು ಪೆನ್ನು ಆಡಿಸುತ್ತ, "ಇಷ್ಟು ಬೇಗ ಹುಟ್ಟುವ ಶಿಶುಗಳು ಎಷ್ಟಿದ್ದಾವು? ನಿಮ್ಮ ಮಾರುಕಟ್ಟೆ ಬಹಳ ಚಿಕ್ಕದಲ್ಲವೇ?" ಎಂದರು.

"ಚಿಕ್ಕದು ಮಾರುಕಟ್ಟೆಯಲ್ಲ, ಗಿರಾಕಿಗಳು," ಎಂದೆ.

ಸಭೆ ನಕ್ಕಿತು, ತೀರ್ಪುಗಾರರು ನಗಲಿಲ್ಲ. ನಾವು ಸೋತೆವು.

ಆದರೆ ಹೊರಗೆ ಬಂದಾಗ ಒಬ್ಬ ಬಂಡವಾಳಗಾರ ನಮಗಾಗಿ ಕಾಯುತ್ತಿದ್ದ. ಸಭ್ಯ ಮನುಷ್ಯ. ಕೃತಕ ರೆಪ್ಪೆಗೂದಲಿಗೆ, ವಿಗ್ಗಿಗೆ ಈ ಅಂಟು ಹೇಳಿ ಮಾಡಿಸಿದ ಹಾಗಿದೆ ಎಂದ. ಪೂರ್ತಿ ಹಕ್ಕು ಅವನಿಗೆ, ನನಗೆ ಕೆಲಸ, ವೀಸಾ.

"ಮಕ್ಕಳಿಗೆ?"

"ಖಂಡಿತ. ಆಮೇಲೆ."

"ಆಮೇಲೆ ಅಂದರೆ ಯಾವಾಗ?"

"ಅದನ್ನು ಆಮೇಲೆ ನೋಡೋಣ."

ಹಕ್ಕು ವಿಶ್ವವಿದ್ಯಾಲಯದ್ದಾದರೂ ನಿರ್ಧಾರವನ್ನು ಅವರು ನಮಗೇ ಬಿಟ್ಟರು. ಅಕ್ಕನ ಮನೆಯ ಊಟದ ಮೇಜಿನ ಸುತ್ತ ಕೂತೆವು. ಅಕ್ಕನ ಗಂಡ ಜಿಪಿ, ಅಂದರೆ ಬಡಾವಣೆಯ ಕುಟುಂಬ ವೈದ್ಯರು, ಲೋಕ ಕಂಡವರು. "ಒಪ್ಪಿಕೊಳ್ಳಿ," ಎಂದರು. "ಅವನ ವ್ಯಾಪಾರ ಬೆಳೆದರೆ ಒಂದು ದಿನ ಮಕ್ಕಳಿಗೂ ಬರಬಹುದು." ತಪ್ಪು ಮಾತೇನಲ್ಲ. ನನ್ನ ವೀಸಾ ಮುಗಿಯುವುದರಲ್ಲಿತ್ತು, ಒಳಗೊಳಗೇ ನಾನು ಹೂಂ ಅಂದಾಗಿತ್ತು.

ಅಕ್ಕ ಲೋಟ ಕೆಳಗಿಟ್ಟರು. "ಮೊದಲು ರೆಪ್ಪೆ, ಆಮೇಲೆ ಮಗು. ನನ್ನ ವಾರ್ಡಿನಲ್ಲಿ ಆ ಸರದಿ ನಡೆಯುವುದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಆದರೆ ವೀಸಾ ನಿನ್ನದು. ನೀನು ಹೇಳು," ಎಂದರು.

"ಬೇಡ" ಎಂದೆ. ಆ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಹುಚ್ಚರು ಅಂದರು ಜನ. ಅನ್ನಲಿ. ದೊಡ್ಡ ಕಂಪನಿಗಳು ಉತ್ತರಿಸದೇ ಹೋದಾಗ ಗೆಳತಿ ಸ್ಟಾಕ್‌ಪೋರ್ಟಿನ ಹತ್ತಿರ ಒಂದು ಸಣ್ಣ ಕಾರ್ಖಾನೆ ಹುಡುಕಿದಳು. ಅಲ್ಲಿ ಕುದುರೆಗಳ ಕಾಲಿಗೆ ಕಟ್ಟುವ ಪಟ್ಟಿ ತಯಾರಾಗುತ್ತಿತ್ತು. ಒಡತಿ ಬೆಳ್ಳಗಿನ ಕೂದಲಿನ ಗಡಸು ಹೆಂಗಸು. ನಮ್ಮ ಮಾತನ್ನೆಲ್ಲ ನಿಂತೇ ಕೇಳಿಸಿಕೊಂಡು, "ನೋವಾದರೆ ಕುದುರೆ ಒದೆಯುತ್ತೆ. ನಿಮ್ಮ ಗಿರಾಕಿಗೆ ಅದೂ ಆಗಲ್ಲ," ಎಂದಳು. ಖಾಲಿ ಬಿದ್ದಿದ್ದ ಒಂದು ಯಂತ್ರವನ್ನು ತೊಳೆಸಿಕೊಟ್ಟಳು.

ಮಕ್ಕಳ ಮೇಲೆ ಪ್ರಯೋಗಿಸಲು ಆಸ್ಪತ್ರೆಯ ಅನುಮತಿ ಪಡೆಯಲು ಹಿರಿಯ ವಿಜ್ಞಾನಿಯೊಬ್ಬರ ಹೊಣೆ ಬೇಕಿತ್ತು. ಪ್ರೊಫೆಸರರ ಬಾಗಿಲು ತಟ್ಟಿದೆ. "ನೀನು ಒಂದು ವರ್ಷ ಹಾಳು ಮಾಡಿಕೊಂಡೆ ಎಂದೇ ನಾನು ಈಗಲೂ ನಂಬಿದ್ದೇನೆ," ಎಂದರು. ಎಂದವರೇ ಸಹಿ ಹಾಕಿದರು. ನಿಯಮಗಳು, ಪರೀಕ್ಷೆಗಳು, ಮತ್ತೆ ಪರೀಕ್ಷೆಗಳು. ಅಷ್ಟರಲ್ಲಿ ಅದೇ ಲ್ಯಾಬಿನಲ್ಲಿ ನನಗೊಂದು ಸಣ್ಣ ಕೆಲಸ ಸಿಕ್ಕಿ ವೀಸಾ ಉಳಿಯಿತು.

ಕೊನೆಗೂ ವಾರ್ಡಿನಲ್ಲಿ ಪ್ರಯೋಗ ಶುರುವಾಯಿತು. ಒಂದು ಮಧ್ಯಾಹ್ನ ಬಸ್ಸಿನಲ್ಲಿದ್ದಾಗ ಅಕ್ಕನ ಫೋನು ಬಂತು.

"ಬಂತು."

"ಏನು ಬಂತು ಅಕ್ಕ?"

"ಟೇಪು ಬಂತು. ಚರ್ಮ ಅಲ್ಲೇ ಉಂಟು. ಮಗು ನಿದ್ದೆಯಿಂದ ಏಳಲೇ ಇಲ್ಲ."

ನಾನು ಬಸ್ಸಿನಲ್ಲೇ ಅತ್ತೆ. ಪಕ್ಕದ ಸೀಟಿನ ಮುದುಕರು ಏನೂ ಕೇಳದೆ ಟಿಶ್ಯೂ ಕೊಟ್ಟರು.

ಕಥೆ ಇಲ್ಲಿಗೇ ನಿಲ್ಲಲಿ ಎಂದು ನನಗೂ ಆಸೆಯಿತ್ತು. ತಿಂಗಳು ಕಳೆಯುವುದರಲ್ಲಿ ಕೆಲವು ಮಕ್ಕಳ ಟೇಪು ತಾನಾಗಿ ಸಡಿಲವಾಗತೊಡಗಿತು. ನರ್ಸುಗಳು ಬೇಗ ಕಂಡುಕೊಂಡದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಕಾರಣ ತಿಳಿದಾಗ ತಲೆ ಚಚ್ಚಿಕೊಂಡೆ. ಮಗು ಕಕ್ಕಿದಾಗ ಬಾಯಿಂದ ಒಸರಿದ ಹಾಲು. ಹಾಲಿನಲ್ಲಿ ಕೊಬ್ಬಿದೆ, ನಮ್ಮ ಅಂಟು ಕೊಬ್ಬಿಗೆ ಸೋಲುತ್ತದೆ. ಡಾಕ್ಟರಾದ ಅಕ್ಕನಿಗಾಗಲಿ ನನಗಾಗಲಿ ಇಷ್ಟು ಸಣ್ಣ ವಿಷಯ ಹೊಳೆದಿರಲಿಲ್ಲ. ಪ್ರಯೋಗ ನಿಲ್ಲಿಸಿದರು. "ಇಂಥದ್ದು ಆಗುತ್ತಿರುತ್ತೆ, ಇನ್ನಾದರೂ ಬೇರೆ ದಾರಿ ನೋಡಿ," ಎಂದು ಆಸ್ಪತ್ರೆಯ ಆಡಳಿತದವರು ಅನುಕಂಪದಿಂದ ಹೇಳಿದರು. ಆ ಅನುಕಂಪ ನನ್ನನ್ನು ಸೋಲಿಗಿಂತ ಹೆಚ್ಚು ಕೆರಳಿಸಿತು.

ಮೂವರೂ ಮತ್ತೆ ಕೂತೆವು. ಹಬ್ಬಕ್ಕೆಂದು ನಾನು ಉಟ್ಟಿದ್ದ ಇಳಕಲ್ ಸೀರೆಯನ್ನು ಗೆಳತಿ ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಒಡಲು ತೆಳು, ಅಂಚು ದಪ್ಪ. "ನಡುವೆ ಜಾಳು, ಸುತ್ತ ಬಿಗಿ," ಎಂದಳು. "ಪಕ್ಕದಿಂದ ಹಾಲು ನುಗ್ಗಬಾರದು, ಮೇಲಿಂದ ಎಣ್ಣೆ ಇಳಿಯಬೇಕು." ಕೂಡಲೇ ಫಲಿಸಿತು ಎಂದುಕೊಳ್ಳಬೇಡಿ. ಬಿಗಿ ಅಂಚು ಒರಟಾಗಿ ಕೆನ್ನೆಗೆ ಉಜ್ಜಿತು. ತೆಳು ನೂಲು ಹುಡುಕಿದೆವು, ಅದು ಕುದುರೆ ಪಟ್ಟಿಯ ಯಂತ್ರದಲ್ಲಿ ಕಡಿದುಹೋಯಿತು. ಒಡತಿ ಬೈಯುತ್ತ ಯಂತ್ರದ ಬಿಗಿ ಬದಲಿಸಿದಳು.

ಈ ವಸಂತದಲ್ಲಿ ಪ್ರಯೋಗ ಮತ್ತೆ ಶುರುವಾಗಿದೆ. ಈಗ ಎರಡು ಆಸ್ಪತ್ರೆಗಳು. ಅಂಚು ನಿಂತಿದೆ, ಹಾಲು ಒಳಗೆ ಹೋಗುತ್ತಿಲ್ಲ. ನಾವು ಶ್ರೀಮಂತರಾಗಿಲ್ಲ, ಆಗುವ ಲಕ್ಷಣವೂ ಇಲ್ಲ. ನಾಳೆ ಇನ್ನೊಂದು ಕಡೆ ಬಿಡಬಹುದು. ಬಿಟ್ಟರೆ ಎಲ್ಲಿ ಬಿಟ್ಟಿತು ಎಂದು ನೋಡುತ್ತೇವೆ. ನಾವಂತೂ ಬಿಡುವುದಿಲ್ಲ.