ಮಾರಾಟಕ್ಕಲ್ಲದ ಪುಡಿ

ನಮ್ಮ ಕಡೆ ಮನೆಗೆ ಬಂದ ನೆಂಟರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ಹೊರಡುವ ಹೊತ್ತಿಗೆ ಒಂದು ಪೊಟ್ಟಣ ಕಾಫಿಪುಡಿ ಚೀಲಕ್ಕೆ ಬೀಳಲೇಬೇಕು. ಎಷ್ಟು ಬೇಕು ಎಂದು ಯಾರೂ ಕೇಳುವುದಿಲ್ಲ. ಹಾಗೆ ಕೇಳುವವರು ಅಂಗಡಿಯವರು. ಸಾಕು, ಬೇಡ ಎಂದು ನೆಂಟರು ಹೇಳಬೇಕು, ಅದನ್ನು ಮನೆಯವರು ಕಿವಿಗೆ ಹಾಕಿಕೊಳ್ಳಬಾರದು. ಇಂಥ ಪದ್ಧತಿಯನ್ನು ಬಂಡವಾಳ ಮಾಡಿಕೊಂಡು ನಾನೊಂದು ವ್ಯಾಪಾರ ಶುರು ಮಾಡಿದ್ದೆ. ಬರೆಯುವುದಕ್ಕೇ ನಾಚಿಕೆಯಾಗುತ್ತದೆ.

ಎರಡು ಸಾವಿರದ ಐದೋ ಆರೋ ಇರಬೇಕು. ಆಗ ನಾನು ಚಿಕ್ಕಮಗಳೂರಿನಲ್ಲಿ ಕಾಫಿಬೀಜದ ಸಿಪ್ಪೆ ಬಿಡಿಸಿ ದರ್ಜೆ ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಗುಮಾಸ್ತ. ತೋಟಗಳಿಂದ ಬಂದ ಮೂಟೆಗಳಿಂದ ಸ್ಯಾಂಪಲ್ ತೆಗೆದಿಟ್ಟರೆ ಅದಕ್ಕೆ ಚೀಟಿ ಬರೆದು ಅಂಟಿಸುವುದು ನನ್ನ ಕೆಲಸ. ಆ ಕೆಲಸ ಕೊಡಿಸಿದವಳು ಕಳಸದಲ್ಲಿದ್ದ ನನ್ನ ಸೋದರತ್ತೆ. ತನಗಾಗಿ ಯಾರ ಮುಂದೆಯೂ ಬಾಯಿಬಿಟ್ಟು ಕೇಳದ ಹೆಂಗಸು, ನನಗೋಸ್ಕರ ಪರಿಚಯದ ಎಸ್ಟೇಟಿನ ಸಾಹುಕಾರರ ಬಂಗಲೆಯವರೆಗೆ ನಡೆದುಹೋಗಿ ಅವರಿಂದ ಒಂದು ಮಾತು ಹೇಳಿಸಿದ್ದಳು.

ಆ ಹೊತ್ತಿಗೆ ಹತ್ತು ವರ್ಷ ಚೀಟಿ ಅಂಟಿಸಿದ್ದ ನನ್ನ ತಲೆಗೆ ಹುಳ ಹೊಕ್ಕಿತು. ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತು, ಯಾರೋ ಎಲ್ಲೋ ಇಂಟರ್ನೆಟ್ಟಿನಲ್ಲಿ ಉಪ್ಪಿನಕಾಯಿ ಮಾರಿ ಮೇಲೆ ಬಂದ ಕಥೆಗಳನ್ನು ಓದಿ, ನಾನೇನು ಕಡಿಮೆ ಅನ್ನಿಸಿ ರಾಜೀನಾಮೆ ಕೊಟ್ಟೆ. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಅತ್ತೆಗೆ ಹೇಳುವ ಧೈರ್ಯವೇ ಬರಲಿಲ್ಲ. ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ವೆಬ್‌ಸೈಟೇನೋ ಚೆಂದವಾಗಿತ್ತು. ಯಾವ ಅಂಗಡಿಯಲ್ಲೂ ಸಿಗದ, ಮಲೆನಾಡಿನ ಮನೆಗಳಲ್ಲಿ ತಮಗೋಸ್ಕರ ಹುರಿದುಕೊಳ್ಳುವ ಕಾಫಿ ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದಿದ್ದೆ. ಕಳಿಸುತ್ತಿದ್ದದ್ದು ಮಾತ್ರ ಪೇಟೆಯಲ್ಲಿ ಪುಡಿ ಮಾಡಿಸಿದ್ದು. ಒಮ್ಮೆ ಕೊಂಡವರು ಮತ್ತೆ ಬರುತ್ತಿರಲಿಲ್ಲ. ಒಂದು ಸಲ ಪುಡಿ ಮುಗಿದುಹೋಗಿ, ಅತ್ತೆ ಮನೆಗೆಂದು ಕೊಟ್ಟಿದ್ದ ಪೊಟ್ಟಣವನ್ನೇ ಮುಂಬೈಯ ಗಿರಾಕಿಯೊಬ್ಬನಿಗೆ ಪಾರ್ಸೆಲ್ ಮಾಡಿದೆ. ಹತ್ತು ದಿನದಲ್ಲಿ ಆತನಿಂದ ಈಮೇಲ್ ಬಂತು. ಇಂಥ ಕಾಫಿ ಜನ್ಮದಲ್ಲಿ ಕುಡಿದಿಲ್ಲ, ಇದನ್ನೇ ಕಳಿಸಿ ಎಂದು.

ಕುಡಿದಿರಲಿಕ್ಕಿಲ್ಲ, ನಿಜ. ಮನೆಯ ಹಿಂದೆ ಅತ್ತೆ ಒಂದಿಷ್ಟು ಹಳೆಯ ಅರೇಬಿಕಾ ಗಿಡ ಉಳಿಸಿಕೊಂಡಿದ್ದಳು. ಅದರ ಹಣ್ಣನ್ನು ತಾನೇ ಕೊಯ್ದು ಒಣಗಿಸುತ್ತಿದ್ದಳು. ತೋಟದ್ದೆಲ್ಲ ಮಾರಾಟಕ್ಕೆ ಹೋದರೂ ಇದು ಮನೆಗೆ ಮಾತ್ರ. ಕಬ್ಬಿಣದ ಡಬ್ಬಿಯಲ್ಲಿ ಬೀಜ ತುಂಬಿ, ಸೌದೆ ಉರಿಯ ಮೇಲೆ ಹಿಡಿ ತಿರುಗಿಸುತ್ತ ಮುಕ್ಕಾಲು ಗಂಟೆ ಕೂರುತ್ತಿದ್ದಳು. ಬೀಜ ಬಿಸಿಯಿರುವಾಗಲೇ ಒಂದು ಹಿಡಿ ಏಲಕ್ಕಿ ಸಿಪ್ಪೆ ಬೆರೆಸಿ ಮುಚ್ಚಿಡುವುದು ಅವಳ ಕ್ರಮ. ಬಿಸಿಯಾರಿದ ಮೇಲೆ ಬೆಂಚಿಗೆ ಕೂರಿಸಿದ ಕೈಮಿಷನ್ನಿನಲ್ಲಿ ಪುಡಿ.

ಆರು ತಿಂಗಳಿಗೊಮ್ಮೆ ಕಳಸಕ್ಕೆ ಹೋಗುತ್ತಿದ್ದವನು ತಿಂಗಳಿಗೆ ಎರಡು ಸಲ ಹೋಗತೊಡಗಿದೆ. ಅತ್ತೆಯ ಸಂತೋಷ ಹೇಳತೀರದು. ಆಚೆಮನೆಯವರ ಹತ್ತಿರ, ನಮ್ಮವನಿಗೆ ಈಗೀಗ ಅತ್ತೆಯ ನೆನಪು ಜಾಸ್ತಿ ಎಂದು ಹೇಳಿಕೊಳ್ಳುತ್ತಿದ್ದಳು. ನಾನು ಬರುವ ದಿನ ಗೊತ್ತಿದ್ದರೆ ಕಡುಬಿಗೆ ಹಿಂದಿನ ದಿನವೇ ಅಕ್ಕಿ ನೆನೆಹಾಕಿರುತ್ತಿದ್ದಳು. ಆಫೀಸಿನವರಿಗೆಲ್ಲ ನಿನ್ನ ಪುಡಿಯದೇ ಹುಚ್ಚು ಎಂದು ನಾನು ಒಂದು ಮಾತು ಬಿಟ್ಟರೆ ಸಾಕು, ಪೊಟ್ಟಣ ಎರಡಾಗುತ್ತಿತ್ತು, ಮೂರಾಗುತ್ತಿತ್ತು. ಆಫೀಸು ಬಿಟ್ಟು ಒಂದು ವರ್ಷವಾಗಿತ್ತು. ಅವಳ ಮಂಡಿ ಆಗಲೇ ನೋಯುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮಲ್ಲಿ ಕೈ ಅವಳದು, ಬಾಯಿ ನನ್ನದು.

ಒಂದು ಸಲ ಹೊಸ ಡಿಜಿಟಲ್ ಕ್ಯಾಮೆರಾ ಹಿಡಿದುಕೊಂಡು ಹೋಗಿ, ಹಿಡಿ ತಿರುಗಿಸುತ್ತಿದ್ದ ಅವಳ ಕೈಗಳ ಫೋಟೋ ತೆಗೆದೆ. ಮುಖ ಬಿಟ್ಟು ಕೈಯನ್ನು ಎಂತಕ್ಕೆ ತೆಗೀತೀಯ ಎಂದು ನಕ್ಕಳು. ಆದರೂ ಬಳೆಗಳನ್ನು ಸರಿಮಾಡಿಕೊಂಡಳು. ಪ್ರಿಂಟ್ ಹಾಕಿಸಿ ತಂದುಕೊಡುತ್ತೇನೆ ಎಂದೆ. ಆ ಫೋಟೋ ನನ್ನ ಪ್ಯಾಕೆಟ್ಟಿನ ಲೇಬಲ್ ಆಯಿತು. ಹೋದಾಗಲೆಲ್ಲ ಅವಳು ಫೋಟೋ ಕೇಳುತ್ತಿದ್ದಳು. ಸ್ಟುಡಿಯೋದವನು ಇನ್ನೂ ಕೊಟ್ಟಿಲ್ಲ ಎಂದು ಹೋದಾಗಲೆಲ್ಲ ನಾನು ಹೇಳುತ್ತಿದ್ದೆ.

ಆ ವರ್ಷ ಮಳೆ ಬಿಟ್ಟು ಹೊಳವಾದ ಮೇಲೆ ಒಂದು ದಿನ ಹೋದೆ. ಎಂದಿನಂತೆ ಬಾ ಎಂದಳು. ಕಡುಬಿರಲಿಲ್ಲ. ಅಡುಗೆಮನೆಯಿಂದ ಲೋಟ ತಂದು ಮುಂದಿಟ್ಟಳು.

"ಕುಡಿ. ಬೆಂಗಳೂರಿಂದ ಬಂದ ಪುಡಿ."

ಒಂದು ಗುಟುಕು ಕುಡಿದೆ. ಏಲಕ್ಕಿ ಸಿಪ್ಪೆಯ ವಾಸನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ನನ್ನ ಕಣ್ಣು ತಾನಾಗಿ ಗೋಡೆಯ ಗೂಡಿನ ಕಡೆ ಹೋಯಿತು. ಅಲ್ಲಿ ನನ್ನ ಪ್ಯಾಕೆಟ್ಟಿನ ಲೇಬಲ್ಲನ್ನು ಕತ್ತರಿಸಿ, ಕನ್ನಡಿಯ ಅಂಚಿಗೆ ಸಿಕ್ಕಿಸಿದ್ದಳು. ಬೆಂಗಳೂರಿನಲ್ಲಿರುವ ಮಾವನ ಕಡೆಯ ನೆಂಟರೊಬ್ಬರು, ನಿಮ್ಮ ಊರಿನ ಕಡೆಯದೇ ಒಳ್ಳೆಯ ಕಾಫಿ, ಇಂಟರ್ನೆಟ್ಟಿನಲ್ಲಿ ತರಿಸಿದ್ದು ಎಂದು ಉಡುಗೊರೆ ತಂದಿದ್ದರಂತೆ. ಇಂಗ್ಲಿಷಿನಲ್ಲಿದ್ದ ನನ್ನ ಹೆಸರು, ವಿಳಾಸವನ್ನು ಅವರೇ ಓದಿ ಹೇಳಿದ್ದರು. ಕೈ ಯಾರದೆಂದು ಮಾತ್ರ ಅವರಿಗೆ ಗೊತ್ತಾಗಿರಲಿಲ್ಲ.

"ಫೋಟೋ ಬಂತು ಮಾರಾಯ," ಎಂದಳು ಅತ್ತೆ. "ಚೆನ್ನಾಗೇ ಬಂದಿದೆ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಕೆಲಸ ಬಿಟ್ಟು ಎಷ್ಟು ದಿನವಾಯಿತು ಎಂದು ಕೇಳಿದಳು, ಹೇಳಿದೆ. ಸಾಹುಕಾರರು ಸಿಕ್ಕಾಗಲೆಲ್ಲ ನಮ್ಮವನು ಚೆನ್ನಾಗಿ ಮಾಡ್ತಿದ್ದಾನಾ ಎಂದು ತಾನು ವಿಚಾರಿಸುತ್ತಿದ್ದಳಂತೆ. ಅವರು ಹೂಂ ಹೂಂ ಅನ್ನುತ್ತಿದ್ದರಂತೆ. ಅವರಿಗೆ ಗೊತ್ತಿತ್ತು ಅಂತ ಈಗ ಅನ್ನಿಸ್ತದೆ ಎಂದಳು. ಆಮೇಲೆ ಕೇಳಿದಳು:

"ಇಷ್ಟು ಸಲ ಬಂದದ್ದು ಇದಕ್ಕೇನಾ?"

ಅಲ್ಲ ಎನ್ನಬೇಕಿತ್ತು. ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಅವಳ ಕಡುಬು, ಅವಳ ಮಾತು, ಆ ಜಗಲಿ ನನಗೂ ಬೇಕಾಗಿದ್ದವು. ಆದರೆ ಹಾಗೆ ಹೇಳಿದ್ದರೆ ಅದೂ ವೆಬ್‌ಸೈಟಿನ ಮಾತಿನ ಹಾಗೆಯೇ ಕೇಳಿಸುತ್ತಿತ್ತು.

ಕೊನೆಯ ಬಸ್ಸಿನ ಹೊತ್ತಾಯಿತು. ನಾನು ಖಾಲಿ ಚೀಲ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದೆ. ಇವತ್ತು ಪೊಟ್ಟಣ ಬೇಡವೇ ಬೇಡ, ಕೊಟ್ಟರೂ ಮುಟ್ಟಬಾರದು ಎಂದು ನಿಶ್ಚಯ ಮಾಡಿಕೊಂಡಿದ್ದೆ. ಅತ್ತೆ ಬಾಗಿಲಿನವರೆಗೆ ಬಂದಳು. ಕೈಯಲ್ಲಿ ಏನೂ ಇರಲಿಲ್ಲ.

"ಎಷ್ಟು ಬೇಕು?" ಎಂದಳು.

ಹುಟ್ಟಿದಾಗಿನಿಂದ ಆ ಮನೆಯಲ್ಲಿ ನಾನು ಕೇಳದ ಮಾತು ಅದು. ಏನೂ ಬೇಡ ಅತ್ತೆ ಎಂದು ಹೇಳಿ ಮೆಟ್ಟಿಲಿಳಿಯುವುದು ಎಷ್ಟೊತ್ತಿನ ಕೆಲಸ. ಆದರೆ ಮುಂಬೈಯವನಿಗೆ, ಪುಣೆಯ ಇಬ್ಬರಿಗೆ ಆ ವಾರವೇ ಕಳಿಸುತ್ತೇನೆಂದು ಬರೆದಿದ್ದೆ.

"ಮೂರು ಕೇಜಿ," ಎಂದೆ.

ಅವಳು ತಲೆಯಾಡಿಸಿದಳು. ನಾಳೆ ಹೋಗು ಹಾಗಾದರೆ ಎಂದು ಹೇಳಿ, ಮಂಡಿಯ ಮೇಲೆ ಕೈಯೂರಿ ಹೊಸಿಲು ದಾಟಿ, ಒಲೆ ಹಚ್ಚಲು ಒಳಗೆ ಹೋದಳು.