ಗಿಂಡಿಯೋ, ಎಣ್ಣಿ ಡಬ್ಬಿಯೋ

ಈ ಹೊತ್ತು ಬೆಳಿಗ್ಗೆ ಕುಷ್ಟಗಿ ದಾಟಿ ಯಲಬುರ್ಗಾ ಕಡೆ ಹೊರಟಿದ್ದೆ. ಕಾರಿನ ಸ್ಟೇರಿಂಗ್ ಹಿಂದೆ ಒಂದು ಹಳದಿ ದೀಪ ಹತ್ತಿತು. ಈ ದೀಪಗಳ ಸ್ವಭಾವ ನಿಮಗೂ ಗೊತ್ತಿರಬೇಕು. ಬಾಯಿಬಿಟ್ಟು ಏನನ್ನೂ ಹೇಳುವುದಿಲ್ಲ. ಮುನಿಸಿಕೊಂಡ ನೆಂಟರ ಹಾಗೆ ಮುಖ ಊದಿಸಿಕೊಂಡು ಕೂರುತ್ತವೆ, ಕಾರಣ ನಾವೇ ಹುಡುಕಬೇಕು. ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಸಿಟ್ಟು ಬರಬೇಕಿತ್ತು, ನಗು ಬಂತು. ಅಪ್ಪ ಮತ್ತು ಕಾಕಾ ನೆನಪಾದರು.

ಕಾಕಾ ಅಂದರೆ ಅಪ್ಪನ ತಮ್ಮ. ಇಪ್ಪತ್ತು ವರ್ಷದ ಕೆಳಗೆ ಒಂದು ಹಳೆಯ ಬಿಳಿ ಕಾರು ತಂದ. ಅದರ ಮುಂದೆ ಕಾಯಿ ಒಡೆಯುವಾಗ ಅಪ್ಪ, ಓಣಿಯ ಮಂದಿಗೆಲ್ಲ ಕೇಳಿಸುವಂತೆ, “ಹಳೀ ಗಾಡಿ ತರೋದಂದ್ರ ಮಂದಿ ಬ್ಯಾನಿ ಮನಿಗೆ ತಂದಂಗ” ಅಂದುಬಿಟ್ಟ. ಅಂದಿನಿಂದ ಅಣ್ಣತಮ್ಮಂದಿರ ಮಾತು ಬಂದ್. ವರ್ಷ ಕಳೆದರೂ ಬಂದ್.

ಅಷ್ಟರಲ್ಲಿ ತಂಗಿಗೆ ಗಂಗಾವತಿಯ ಸಂಬಂಧ ಕೂಡಿಬಂತು. ಮಾತುಕತೆಗೆ ಹಿರಿಯರಿಬ್ಬರೂ ಹೋಗಲೇಬೇಕು, ಹೋಗಲು ಇದ್ದದ್ದು ಅದೇ ಕಾರು. ಅವ್ವ ನನ್ನನ್ನು ಒಳಗೆ ಕರೆದು, “ಇವರು ಅಲ್ಲಿ ಮಾರಿ ತಿರುವಿ ಕುಂತ್ರ ಮುಗೀತು. ಅಣ್ತಮ್ಮರs ಕೂಡಿಲ್ಲದ ಮನಿ ಹೆಣ್ಣು ಯಾರಿಗೆ ಬೇಕು? ನೀನs ಸಂಭಾಳಿಸು” ಅಂದಳು. ನಾನು ಆಗಷ್ಟೇ ಡ್ರೈವಿಂಗ್ ಕಲಿತವನು. ಗೇರ್ ಸಂಭಾಳಿಸುವುದೇ ನನಗೆ ಕಷ್ಟವಿತ್ತು.

ಕಾಕಾ ನನ್ನ ಪಕ್ಕ, ಅಪ್ಪ ಹಿಂದೆ. ತಾವರಗೇರಾ ದಾಟಿದ ಮೇಲೆ ಕೆಂಪು ದೀಪ ಹತ್ತಿತು. ಅದರಲ್ಲೊಂದು ಚಿತ್ರ: ಒಂದು ಮೂತಿ, ಒಂದು ಹಿಡಿಕೆ, ಮೂತಿಯ ಕೆಳಗೆ ಒಂದು ಹನಿ.

ಅಪ್ಪ ಹಿಂದಿನಿಂದ ಬಗ್ಗಿ ನೋಡಿದ. “ಗಿಂಡಿ ಐತಿ. ಗಾಡಿಗೆ ನೀರಡಿಕಿ ಆಗೈತಿ ಅಂತ ನಿಮ್ಮ ಕಾಕಾಗ ಹೇಳು.”

“ಅದು ಎಣ್ಣಿ ಡಬ್ಬಿ ಅಂತ ನಿಮ್ಮಪ್ಪಗ ಹೇಳು. ಎಂಜಿನ್ ಎಣ್ಣಿ ಕಡಿಮಿ ಆಗೈತಿ. ನಿಲ್ಸು.”

ಇಬ್ಬರಿಗೂ ಹೇಳಿದೆ. ಒಂದೇ ಕಾರಿನೊಳಗೆ ಕೇಳಿದ ಮಾತನ್ನೇ ಮತ್ತೆ ಹೇಳುವ ಉದ್ಯೋಗ ಯಾರಿಗೂ ಬೇಡ.

ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದೆ. ಕಾಕಾ ಎಣ್ಣೆ ಹಾಕುವ ಮುಚ್ಚಳ ತೆರೆದಿಟ್ಟು, ಅಲ್ಲೇ ನಿಂತಿದ್ದ ಟ್ರ್ಯಾಕ್ಟರಿನವರ ಹತ್ತಿರ ಎಣ್ಣೆ ಕೇಳಲು ಹೋದ. ಡಬ್ಬಿ ಹಿಡಿದು ಹೊಳ್ಳಿ ಬರುವಷ್ಟರಲ್ಲಿ ಅಪ್ಪ ಕುಡಿಯುವ ನೀರಿನ ಬಾಟಲಿಯನ್ನು ಆ ತೂತಿಗೇ ಬಗ್ಗಿಸುತ್ತಿದ್ದ.

“ಅಣ್ಣಾ! ತಡಿ! ಎಂಜಿನ್ ಸಾಯ್ತೈತಿ!”

ಅಪ್ಪನ ಕೈ ಅಲ್ಲೇ ನಿಂತಿತು. ಕಾಕಾನೂ ನಿಂತ. ಎಷ್ಟು ದಿನದ ಮೇಲೆ ಬಂದ ‘ಅಣ್ಣಾ’ ಅದು! ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಅಪ್ಪ ಬಾಟಲಿ ಕೆಳಗಿಳಿಸಿ, “ಮೊದ್ಲs ಹೇಳಬಾರದೇನು?” ಅಂದ.

“ಹೇಳಿನಲ್ಲ?”

“ನನಗೆಲ್ಲಿ ಹೇಳೀದಿ? ಇವನಿಗೆ ಹೇಳೀದಿ!”

ಇಬ್ಬರೂ ನನ್ನ ಕಡೆ ತಿರುಗಿದರು, ತಪ್ಪೆಲ್ಲ ನನ್ನದೇ ಎಂಬಂತೆ.

ಸುರಿಯಲು ಲಾಳಿಕೆ ಇರಲಿಲ್ಲ. ಅಪ್ಪ ಪೇಪರ್ ಸುತ್ತಿ ಹಿಡಿದ, ಕಾಕಾ ಸುರಿದ. ಅರ್ಧಕ್ಕೆ ಪೇಪರ್ ಮಡಚಿಕೊಂಡು ಎಣ್ಣೆ ಅಪ್ಪನ ಬಿಳಿ ಧೋತರದ ಮುಂಭಾಗಕ್ಕೆಲ್ಲ ಇಳಿಯಿತು. ದೀಪವೇನೋ ಆರಿತು. ಆದರೆ ಆ ಕಲೆ ಹೊತ್ತು ಬೀಗರ ಮನೆಗೆ ಹೋಗುವುದು ಹೇಗೆ? ಅಪ್ಪನ ಮುಖ ಸಣ್ಣದಾಯಿತು. “ನನ್ನಿಂದ ಹುಡುಗಿ ಸಂಬಂಧ ಕೆಡ್ತೈತೇನೋ” ಅಂದ.

“ಸುಮ್ನಿರು. ನಾ ಅದೀನಲ್ಲ” ಅಂದ ಕಾಕಾ.

ಹೌದು, ಇದ್ದ. ಗಂಗಾವತಿಯಲ್ಲಿ ಅಪ್ಪ ಕಾರಿನಿಂದ ಇಳಿಯುವಾಗ ಕಾಕಾ ಮುಂದೆ ನಿಂತ. ಕೂತಾಗ ತನ್ನ ಶಲ್ಯವನ್ನು ಅಣ್ಣನ ತೊಡೆಯ ಮೇಲೆ ಹಾಸಿ ಮಗ್ಗುಲಿಗೆ ಅಂಟಿಕೊಂಡ. ಕೈ ತೊಳೆಯಲು ಎದ್ದರೆ ಮುಂದೆ ಕಾಕಾ, ಬೆನ್ನಿಗೆ ಅಪ್ಪ, ಎತ್ತಿನ ಜೋಡಿಯಂತೆ. ಊಟವಾದ ಮೇಲೆ ವರನ ತಂದೆ ಅಡಿಕೆಲೆ ತಟ್ಟೆ ಮುಂದಿಟ್ಟು, “ಇಂಥಾ ಅಣ್ತಮ್ಮರನ್ನ ನಾ ನೋಡಿಲ್ಲರಿ. ಒಬ್ಬರನ್ನ ಬಿಟ್ಟು ಒಬ್ರು ಹೆಜ್ಜಿ ಇಡಂಗಿಲ್ಲ! ಈ ಮನಿ ಹುಡುಗಿನೇ ನಮಗ ಬೇಕು” ಅಂದರು. ನಾನು ಕೆಮ್ಮಿ ನಗು ನುಂಗಿದೆ.

ಹೊಳ್ಳಿ ಬರುವಾಗ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತು ಊರು ಮುಟ್ಟುವತನಕ ಜಗಳಾಡಿದರು. ನನ್ನ ಮೂಲಕ ಒಂದು ಮಾತೂ ಹೋಗಲಿಲ್ಲ. ಮನೆ ಬಂದಾಗ ಅವ್ವ ಬಾಗಿಲಲ್ಲಿ ನಿಂತು ಆ ಗದ್ದಲ ಕೇಳಿ, ಸಂಬಂಧದ ಸುದ್ದಿ ಕೇಳುವುದನ್ನೇ ಮರೆತು ಚಹಾ ಇಡಲು ಓಡಿದಳು.

ಈಗ ಬೇವಿನ ಮರದ ಕೆಳಗೆ, ಕಾರಿನಲ್ಲೇ ಕೂತು ಗ್ಯಾರೇಜಿನವನ ನಂಬರ್ ಹುಡುಕುತ್ತಿದ್ದ ಕೈ ಕಾಕಾನ ನಂಬರ್ ಒತ್ತಿತು. ದೀಪ ಹತ್ತಿದ್ದನ್ನು ಹೇಳಿದೆ. “ಏನೂ ಮುಟ್ಟಬ್ಯಾಡ. ಆಟೋ ಹಿಡದು ಬರ್ತೀವಿ” ಅಂದ. ಹಿಂದಿನಿಂದ ಅಪ್ಪನ ದನಿ: “ಯಾವ ಚಿತ್ರ ಐತಿ ಅಂತ ಕೇಳು ಅವನ್ನ!”

“ನೀನs ಕೇಳು, ತಗೋ.”

ಫೋನ್ ಕೈಯಿಂದ ಕೈಗೆ ಹೋಗುವ ಗರಗರ ಕೇಳಿಸಿತು. ನಾನು ಸೀಟು ಹಿಂದಕ್ಕೆ ಸರಿಸಿ ಆರಾಮಾಗಿ ಕೂತೆ.