ಗಜಾನನ ಹೆಗಡೆಯವರ ಶರಾ

ನಮ್ಮೂರ ಪುರಸಭೆಯ ಮೆಂಬರ್ ಗಜಾನನ ಹೆಗಡೆಯವರಿಗೆ ತಾವು ಬರೆದದ್ದನ್ನು ತಾವೇ ಗಟ್ಟಿಯಾಗಿ ಓದಿ ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ. ಪೇಟೆಬಾವಿಗೆ ಹೊಸ ರಾಟೆ ಹಾಕಿಸುವ ಠರಾವನ್ನು ಪ್ರತಿ ಸಭೆಯಲ್ಲೂ ಮೂರು ಸಲ ಓದುತ್ತಾರೆ. ರಾಟೆ ಮಾತ್ರ ಮೂರು ವರ್ಷದಿಂದ ಬಂದಿಲ್ಲ. ತಿಂಗಳಿಗೊಮ್ಮೆ ಜೈಲಿಗೆ ಹೋಗಿ ಕೈದಿಗಳ ಯೋಗಕ್ಷೇಮ ನೋಡುವ ಹೊಣೆಯೂ ಅವರದೇ. ಮಡಿ ಕೆಟ್ಟೀತೆಂದು ಹೊಸ್ತಿಲು ದಾಟುವುದಿಲ್ಲ. ಶಾಲಿನ ತುದಿಯಿಂದ ಮೂಗು ಮುಚ್ಚಿಕೊಂಡು, ಹತ್ತು ಜನರ ಕೋಣೆಯಲ್ಲಿ ನಲವತ್ತು ಜನ ನಿಂತಿರುವುದನ್ನು ದೂರದಿಂದಲೇ ನೋಡಿ, "ಒಗ್ಗಟ್ಟು ಅಂದ್ರೆ ಇದು ನೋಡಿ, ಜೈಲರೇ!" ಎನ್ನುತ್ತಾರೆ. ಕೈದಿಗಳ ಜೋಳದ ರೊಟ್ಟಿಯನ್ನು ಹೊರಗೆ ತರಿಸಿ ಬೆತ್ತದಿಂದ ಬಡಿಯುತ್ತಾರೆ. ಅದು ಟಣ್ ಎಂದರೆ "ಗಟ್ಟಿ ಆಹಾರ, ಒಳ್ಳೇದು" ಎಂದು ತಲೆದೂಗುತ್ತಾರೆ. ಆಮೇಲೆ ಜೈಲಿನ ಪುಸ್ತಕದಲ್ಲಿ "ಕೈದಿಗಳು ಸುಖವಾಗಿದ್ದಾರೆ" ಎಂದು ಶರಾ ಬರೆದು, ಅದನ್ನು ಕೈದಿಗಳಿಗೇ ಕೇಳುವಂತೆ ಓದಿ, ಸಹಿ ಹಾಕಿ, ಮನೆಗೆ ಹೋಗಿ ತಲೆಗೆ ಸ್ನಾನ ಮಾಡುತ್ತಾರೆ. ೧೯೩೨ರ ಕರನಿರಾಕರಣೆ ಚಳವಳಿಯಲ್ಲಿ ಪೊಲೀಸರು ಸಿದ್ದಾಪುರದ ಕಡೆಯ ಹೆಂಗಸರನ್ನೂ ಹಿಡಿದು ತಂದು ಅದೇ ಜೈಲಿನ ಇನ್ನೊಂದು ಕೋಣೆಗೆ ತುಂಬಿದರು. ಆ ತಿಂಗಳೂ ಹೆಗಡೆಯವರು ಹೋದರು, ಮೂಗು ಮುಚ್ಚಿದರು, ಶರಾ ಬರೆದರು. ಓದಲು ಬಾಯಿ ತೆರೆಯುವಷ್ಟರಲ್ಲಿ, ಆ ಕಡೆಯ ಮನ್ಮನೆ ಊರಿಗೆ ಮದುವೆ ಮಾಡಿಕೊಟ್ಟಿದ್ದ ಅವರ ಸ್ವಂತ ಅಕ್ಕ ಭವಾನಕ್ಕನ ದನಿ ಸರಳಿನ ಹಿಂದಿನಿಂದ ಬಂತು: "ಎಂತ ಬರದೆ ತಮಾ? ಯಂಗೂ ಓದಿ ಹೇಳಾ." ಹೆಗಡೆಯವರು ಓದದೆಯೇ ಸಹಿ ಹಾಕಿ, ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿದರು.